ಚರಿತ್ರೆಯ ಪುಟದಿಂದ ಜಾರಿದ ಮೊದಲ ನಿರ್ದೇಶಕಿ: ಆಲಿಸ್ ಗೀ ಬ್ಲಾಶೆ

ಮುಂಬಯಿಯ ಚಿತ್ರಮಂದಿರವೊಂದರಲ್ಲಿ 1910-11ರ ಸುಮಾರಿಗೆ ದಾದಾಸಾಹೇಬ್ ಫಾಲ್ಕೆ ಯೇಸುಕ್ರಿಸ್ತನ ಜೀವನವನ್ನು ಕುರಿತ ಮೂಕಚಿತ್ರವೊಂದನ್ನು ನೋಡಿದರು. ಯೇಸುವಿನ ಬದಲು ರಾಮ, ಕೃಷ್ಣರನ್ನು ತೆರೆಯ ಮೇಲೆ ಕಾಣುವ ಹಂಬಲ ಅವರಲ್ಲಿ ಮೊಳೆತದ್ದು ಆಗ. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಗೆ ಬಂತು. ಭಾರತೀಯ ಚಿತ್ರರಂಗದ ಹುಟ್ಟಿನ ಈ ಕಥೆ ಬಹಳ ಜನರಿಗೆ ಗೊತ್ತು. ಆದರೆ ಆ ಕ್ರಿಸ್ತಚಿತ್ರವನ್ನು ತಯಾರಿಸಿದವರು ಯಾರೆಂದು ಕೇಳಿದವರು ಕಡಿಮೆ. 1906ರಲ್ಲಿ ಫ್ರಾನ್ಸಿನ ಗೋಮೋಂ ಕಂಪನಿ ಹೊರತಂದ ಚಿತ್ರವೇ ಅದೆಂದು ಕೆಲವು ಬರಹಗಾರರು ಗುರುತಿಸುತ್ತಾರೆ. ಅದೇ ವಸ್ತುವಿನ ಬೇರೆ ಚಿತ್ರಗಳೂ ಆಗ ಚಲಾವಣೆಯಲ್ಲಿದ್ದುದರಿಂದ ಈ ಮಾತು ನಿರ್ವಿವಾದವೇನಲ್ಲ. ಗೋಮೋಂ ಕಂಪನಿಯ ಆ ಚಿತ್ರವನ್ನು ನಿರ್ದೇಶಿಸಿದವರ ಬಗ್ಗೆ ಮಾತ್ರ ಇಂದು ಸಂದೇಹವಿಲ್ಲ. ಆಕೆಯ ಹೆಸರು ಆಲಿಸ್ ಗೀ. ಮದುವೆಯ ನಂತರ ಆಲಿಸ್ ಗೀ ಬ್ಲಾಶೆ.

ಜಗತ್ತಿನ ಮೊದಲ ಚಲನಚಿತ್ರ ನಿರ್ದೇಶಕಿ ಎಂದು ಇಂದು ಆಕೆಯನ್ನು ಗೌರವಿಸಲಾಗುತ್ತದೆ. ಆದರೆ ಹಲವು ದಶಕಗಳ ಕಾಲ ಸಿನಿಮಾ ಚರಿತ್ರೆಯ ಪುಸ್ತಕಗಳಲ್ಲಿ ಆಕೆಗೆ ಸ್ಥಳವಿರಲಿಲ್ಲ. ಆಕೆ ಮಾಡಿದ ಚಿತ್ರಗಳು ಸಹಾಯಕರ ಹೆಸರಿನಲ್ಲಿ ದಾಖಲಾದವು. ಆಕೆ ಕಟ್ಟಿದ ಸ್ಟುಡಿಯೋ ಗಂಡನ ಸಾಧನೆಯ ಪಟ್ಟಿಗೆ ಸೇರಿತು. ಈ ಅನ್ಯಾಯವನ್ನು ಸರಿಪಡಿಸುವ ಕೆಲಸವನ್ನೂ ತೊಂಬತ್ತು ದಾಟುವ ತನಕ ಆಕೆಯೇ ಮಾಡಬೇಕಾಯಿತು.

ಬೆರಳಚ್ಚುಗಾರ್ತಿಯಾಗಿ ಬಂದವರು

ಆಲಿಸ್ ಜನಿಸಿದ್ದು 1873ರ ಜುಲೈ 1ರಂದು, ಪ್ಯಾರಿಸ್ ನಗರಕ್ಕೆ ಹೊಂದಿಕೊಂಡ ಸೇಂ-ಮಾಂದೆಯಲ್ಲಿ. ತಂದೆ ಎಮಿಲ್ ಗೀ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಪುಸ್ತಕದ ವ್ಯಾಪಾರ ನಡೆಸುತ್ತಿದ್ದರು. ಹೆರಿಗೆಗೆಂದು ಫ್ರಾನ್ಸಿಗೆ ಬಂದಿದ್ದ ತಾಯಿ ಮಗುವನ್ನು ಸ್ವಿಟ್ಜರ್ಲೆಂಡಿನಲ್ಲಿದ್ದ ಅಜ್ಜಿಯ ಮಡಿಲಿಗೆ ಹಾಕಿ ಚಿಲಿಗೆ ಮರಳಿದರು. ಕೆಲವು ವರ್ಷಗಳ ಬಳಿಕ ಆಲಿಸ್ ಕೂಡ ಸಮುದ್ರಯಾನ ಮಾಡಿ ತಂದೆ ತಾಯಿಯನ್ನು ಸೇರಿಕೊಂಡರು. ಮತ್ತೆ ಯುರೋಪಿಗೆ ಬಂದದ್ದು ಕಾನ್ವೆಂಟ್ ಶಾಲೆಯ ಓದಿಗಾಗಿ. ತಂದೆಯ ವ್ಯಾಪಾರ ಕುಸಿಯಿತು. 1891ರಲ್ಲಿ ತಂದೆ ತೀರಿಕೊಂಡರು. ತಾಯಿಯನ್ನು ನೋಡಿಕೊಳ್ಳುವ ಹೊಣೆ ಕಿರಿಯ ಮಗಳ ಹೆಗಲಿಗೆ ಬಿತ್ತು. ಮಧ್ಯಮವರ್ಗದ ಹೆಣ್ಣುಮಕ್ಕಳಿಗೆ ಆಗತಾನೆ ತೆರೆದುಕೊಳ್ಳುತ್ತಿದ್ದ ಉದ್ಯೋಗವೆಂದರೆ ಕಚೇರಿಯ ಬೆರಳಚ್ಚು ಮತ್ತು ಶೀಘ್ರಲಿಪಿ. ಆಲಿಸ್ ಅವೆರಡನ್ನೂ ಕಲಿತರು.

1894ರಲ್ಲಿ ಪ್ಯಾರಿಸ್ಸಿನ ಛಾಯಾಗ್ರಹಣ ಉಪಕರಣಗಳ ಕಂಪನಿಯೊಂದರಲ್ಲಿ ಕಾರ್ಯದರ್ಶಿಯ ಕೆಲಸ ಖಾಲಿಯಿತ್ತು. ಸಂದರ್ಶನ ನಡೆಸಿದವರು ಲಿಯಾನ್ ಗೋಮೋಂ. ಅಭ್ಯರ್ಥಿಯ ವಯಸ್ಸು ತೀರಾ ಚಿಕ್ಕದೆಂದು ಅವರು ಹಿಂಜರಿದರು. ಆ ಕೊರತೆ ದಿನ ಕಳೆದಂತೆ ತಾನಾಗಿಯೇ ನೀಗುವುದೆಂದು ಆಲಿಸ್ ಉತ್ತರಿಸಿದರೆಂದು ಆಕೆಯ ಆತ್ಮಕಥೆ ಹೇಳುತ್ತದೆ. ಕೆಲಸ ಸಿಕ್ಕಿತು. ಮರುವರ್ಷ ಕಂಪನಿಯ ಒಡೆತನ ಗೋಮೋಂ ಅವರ ಕೈಗೆ ಬಂತು. ಗೋಪುರದಿಂದ ಖ್ಯಾತರಾದ ಗುಸ್ತಾವ್ ಐಫೆಲ್ ಅದರಲ್ಲಿ ಬಂಡವಾಳ ಹೂಡಿದವರಲ್ಲೊಬ್ಬರು.

1895ರ ಮಾರ್ಚ್ ತಿಂಗಳಲ್ಲಿ ಲೂಮಿಯೆರ್ ಸಹೋದರರು ಆಹ್ವಾನಿತರಿಗಷ್ಟೇ ತಮ್ಮ ಹೊಸ ಯಂತ್ರವನ್ನು ತೋರಿಸಿದಾಗ ಗೋಮೋಂ ಅವರೊಡನೆ ಆಲಿಸ್ ಕೂಡ ಅಲ್ಲಿದ್ದರು. ಕಾರ್ಖಾನೆಯ ಬಾಗಿಲಿನಿಂದ ಕಾರ್ಮಿಕರು ಹೊರಬರುವ ದೃಶ್ಯ ಬಿಳಿಯ ಪರದೆಯ ಮೇಲೆ ಚಲಿಸಿತು. ಅಲ್ಲಿದ್ದ ಎಂಜಿನಿಯರುಗಳಿಗೆ ಯಂತ್ರದ ರಚನೆಯಲ್ಲಿ ಆಸಕ್ತಿ. ಕಥೆ, ನಾಟಕಗಳ ಹುಚ್ಚಿದ್ದ ಕಾರ್ಯದರ್ಶಿಗೆ ಬೇರೊಂದು ವಿಚಾರ ಹೊಳೆಯಿತು. ಬೀದಿ, ರೈಲು, ಸೈನಿಕರ ಕವಾಯತು ಇಷ್ಟನ್ನೇ ತೋರಿಸುವ ಬದಲು ಈ ಯಂತ್ರದಿಂದ ಕಥೆ ಹೇಳಬಾರದೇಕೆ ಎಂದು ಆಕೆ ಒಡೆಯರನ್ನು ಕೇಳಿದರು. ಕಚೇರಿಯ ಪತ್ರವ್ಯವಹಾರಕ್ಕೆ ಅಡ್ಡಿಯಾಗಬಾರದೆಂಬ ಷರತ್ತಿನ ಮೇಲೆ ಅನುಮತಿ ದೊರೆಯಿತು. ಸಿನಿಮಾದಲ್ಲಿ ಹಣವೂ ಕೀರ್ತಿಯೂ ಇದೆಯೆಂದು ಆಗ ಯಾರಿಗಾದರೂ ತಿಳಿದಿದ್ದರೆ ಆ ಅನುಮತಿ ತನಗೆ ಸಿಗುತ್ತಿರಲಿಲ್ಲವೆಂದು ಆಲಿಸ್ ಮುಂದೆ ನೆನೆದಿದ್ದಾರೆ.

ಎಲೆಕೋಸಿನ ಯಕ್ಷಿಣಿ

ಹೀಗೆ ಹುಟ್ಟಿದ ಮೊದಲ ಚಿತ್ರ ‘ಲಾ ಫೆ ಓ ಶೂ’, ಅಂದರೆ ಎಲೆಕೋಸಿನ ಯಕ್ಷಿಣಿ. ಮಕ್ಕಳು ಎಲೆಕೋಸಿನ ತೋಟದಲ್ಲಿ ಹುಟ್ಟುತ್ತವೆಂಬ ಫ್ರೆಂಚ್ ಅಜ್ಜಿಕಥೆಯೇ ಅದರ ವಸ್ತು. ಯಕ್ಷಿಣಿಯೊಬ್ಬಳು ಮರದ ಎಲೆಕೋಸುಗಳ ಹಿಂದಿನಿಂದ ಒಂದೊಂದೇ ಮಗುವನ್ನು ಎತ್ತಿ ತೋರಿಸುತ್ತಾಳೆ. ಒಂದು ನಿಮಿಷದ ಆಸುಪಾಸಿನ ಚಿತ್ರ. ಇದನ್ನು 1896ರಲ್ಲಿ ಮಾಡಿದ್ದಾಗಿ ಆಲಿಸ್ ಹೇಳುತ್ತಾರೆ. ಇಂದು ಉಳಿದಿರುವ ಪ್ರತಿ 1900ರ ಸುಮಾರಿನದೆಂದು ಹಲವು ಸಂಶೋಧಕರ ಅಭಿಪ್ರಾಯ. ಅದು ಮೊದಲ ಚಿತ್ರವೇ, ಅದರ ಎರಡನೆಯ ರೂಪವೇ ಎಂಬ ಚರ್ಚೆ ಮುಗಿದಿಲ್ಲ. ಆದರೆ ಕಥೆ ಹೇಳುವ ಸಿನಿಮಾ ಕಣ್ಣುಬಿಡುತ್ತಿದ್ದ ಹೊತ್ತಿನಲ್ಲಿ ಆ ಕೆಲಸ ಮಾಡುತ್ತಿದ್ದ ಬೆರಳೆಣಿಕೆಯ ಜನರಲ್ಲಿ ಆಕೆಯೊಬ್ಬರಾಗಿದ್ದರು ಎಂಬುದನ್ನು ಈ ಚರ್ಚೆ ಬದಲಿಸುವುದಿಲ್ಲ.

ಶೀಘ್ರಲಿಪಿಯ ಪುಸ್ತಕ ಮೆಲ್ಲನೆ ಬದಿಗೆ ಸರಿಯಿತು. ಗೋಮೋಂ ಕಂಪನಿಯ ಚಿತ್ರನಿರ್ಮಾಣ ವಿಭಾಗದ ಮುಖ್ಯಸ್ಥೆಯಾಗಿ ಆಲಿಸ್ 1907ರವರೆಗೆ ದುಡಿದರು. ಕಥೆ ಬರೆಯುವುದು, ನಟರನ್ನು ಆರಿಸುವುದು, ಉಡುಪು ಹೊಂದಿಸುವುದು, ದೃಶ್ಯ ಸಂಯೋಜಿಸುವುದು, ಹೊಸಬರಿಗೆ ಕೆಲಸ ಕಲಿಸುವುದು ಎಲ್ಲವೂ ಆಕೆಯ ಪಾಲಿಗೆ ಬಂತು. ಮುಂದೆ ಫ್ರೆಂಚ್ ಸಿನಿಮಾದ ದೊಡ್ಡ ಹೆಸರಾದ ಲೂಯಿ ಫಯಾದ್ ಆಕೆಯ ಬಳಿಗೆ ಕಥೆ ಬರೆಯಲು ಬಂದವರು. ವಿಕ್ತೊರಾಂ ಜಾಸೆ ಸಹಾಯಕರಾಗಿದ್ದರು. ಕಂಪನಿಯನ್ನು ತೊರೆಯುವಾಗ ತಮ್ಮ ಸ್ಥಾನಕ್ಕೆ ಆಲಿಸ್ ಸೂಚಿಸಿದ್ದು ಫಯಾದ್ ಅವರನ್ನೇ.

ಮೂಕಚಿತ್ರಗಳ ಕಾಲದಲ್ಲೇ ಆಕೆ ಮಾತಿನ ಚಿತ್ರಗಳನ್ನೂ ಮಾಡಿದರೆಂಬುದು ಸೋಜಿಗದ ಸಂಗತಿ. ಗೋಮೋಂ ಕಂಪನಿಯ ಕ್ರೋನೋಫೋನ್ ಯಂತ್ರ ಧ್ವನಿಮುದ್ರಿಕೆಯನ್ನೂ ಚಿತ್ರವನ್ನೂ ಜೊತೆಯಾಗಿ ಓಡಿಸುತ್ತಿತ್ತು. ಮೊದಲು ಹಾಡನ್ನು ಮುದ್ರಿಸಿಕೊಂಡು, ಬಳಿಕ ಗಾಯಕರು ಅದಕ್ಕೆ ತುಟಿ ಸೇರಿಸುವುದನ್ನು ಚಿತ್ರೀಕರಿಸಲಾಗುತ್ತಿತ್ತು. ಭಾರತೀಯ ಪ್ರೇಕ್ಷಕರಿಗೆ ಚಿರಪರಿಚಿತವಾದ ಹಿನ್ನೆಲೆ ಗಾಯನದ ಕ್ರಮಕ್ಕೆ ಇದು ಬಹಳ ಹತ್ತಿರ. ಇಂಥ ನೂರಕ್ಕೂ ಹೆಚ್ಚು ಕಿರುಚಿತ್ರಗಳನ್ನು ಆಲಿಸ್ ನಿರ್ದೇಶಿಸಿದರು. ಅಂಥದೊಂದು ಚಿತ್ರೀಕರಣವನ್ನೇ ಸೆರೆಹಿಡಿದ ಕಿರುಚಿತ್ರ ಇಂದಿಗೂ ಉಳಿದಿದೆ. ದೀಪ, ಕ್ಯಾಮೆರಾ, ಧ್ವನಿಯಂತ್ರ, ನಟರ ಸಾಲುಗಳ ನಡುವೆ ನಿಂತು ಕೆಲಸ ಮಾಡಿಸುತ್ತಿರುವ ಮಹಿಳೆಯನ್ನು ಅದರಲ್ಲಿ ಕಾಣಬಹುದು. ಮುಂದೆ ಆಕೆ ನಿರ್ದೇಶಕಿಯೇ ಹೌದೇ ಎಂದು ಸಂಶಯಿಸಿದವರಿಗೆ ಇದಕ್ಕಿಂತ ಉತ್ತಮ ಉತ್ತರವಿಲ್ಲ.

1906 ಆಕೆಯ ಫ್ರೆಂಚ್ ವೃತ್ತಿಜೀವನದ ಎತ್ತರದ ವರ್ಷ. ‘ಕ್ರಿಸ್ತನ ಜೀವನ’ ಚಿತ್ರ ಆ ವರ್ಷದ್ದು. ಇಪ್ಪತ್ತೈದು ದೃಶ್ಯಗಳು, ಸುಮಾರು ಮುನ್ನೂರು ಸಹನಟರು, ಅರ್ಧ ಗಂಟೆಯನ್ನು ಮೀರುವ ಅವಧಿ. ಆ ಕಾಲಕ್ಕೆ ಇದು ಭಾರಿ ಸಾಹಸ. ಅದೇ ವರ್ಷದ ‘ಸ್ತ್ರೀವಾದದ ಪರಿಣಾಮಗಳು’ ಎಂಬ ಹಾಸ್ಯಚಿತ್ರದಲ್ಲಿ ಗಂಡಸರು ಬಟ್ಟೆ ಹೊಲಿಯುತ್ತಾರೆ, ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಹೆಂಗಸರು ಪಾನಗೃಹದಲ್ಲಿ ಕುಳಿತು ಹೊಗೆ ಬಿಡುತ್ತಾ ಹೆಂಡ ಹೀರುತ್ತಾರೆ, ದಾರಿಯಲ್ಲಿ ಹೋಗುವ ಗಂಡಸರನ್ನು ಕೆಣಕುತ್ತಾರೆ. ಕೊನೆಗೆ ಗಂಡಸರು ದಂಗೆಯೆದ್ದು ತಮ್ಮ ಹಳೆಯ ಜಾಗವನ್ನು ಮರಳಿ ಪಡೆಯುತ್ತಾರೆ. ಇದು ಸ್ತ್ರೀವಾದದ ಅಣಕವೇ, ಗಂಡಸರ ನಡವಳಿಕೆಯ ಅಣಕವೇ ಎಂದು ವಿಮರ್ಶಕರು ಇಂದಿಗೂ ವಾದಿಸುತ್ತಾರೆ. ಹೆಣ್ಣಿನ ಮೇಲೆ ನಡೆದರೆ ಸಹಜವೆನಿಸುವ ಕಿರುಕುಳ ಗಂಡಿನ ಮೇಲೆ ನಡೆದಾಗ ವಿಕಾರವಾಗಿ ಕಾಣುವುದನ್ನು ಮಾತ್ರ ಆ ಚಿತ್ರ ಮರೆಮಾಚುವುದಿಲ್ಲ.

ಅಟ್ಲಾಂಟಿಕ್ ದಾಟಿ

1907ರ ಮಾರ್ಚ್‌ನಲ್ಲಿ ಆಲಿಸ್ ತಮ್ಮ ಕಂಪನಿಯಲ್ಲೇ ಕೆಲಸ ಮಾಡುತ್ತಿದ್ದ, ತಮಗಿಂತ ಕಿರಿಯರಾದ ಹರ್ಬರ್ಟ್ ಬ್ಲಾಶೆಯವರನ್ನು ಮದುವೆಯಾದರು. ಕ್ರೋನೋಫೋನ್ ಮಾರಾಟಕ್ಕಾಗಿ ಗಂಡನನ್ನು ಕಂಪನಿ ಅಮೆರಿಕಕ್ಕೆ ಕಳಿಸಿತು. ಹನ್ನೆರಡು ವರ್ಷಗಳ ದುಡಿಮೆಯನ್ನು ಬಿಟ್ಟು ಆಲಿಸ್ ಜೊತೆಗೆ ಹೊರಟರು. 1908ರಲ್ಲಿ ಮಗಳು ಸಿಮೋನ್ ಹುಟ್ಟಿದಳು. ನ್ಯೂಯಾರ್ಕಿನ ಫ್ಲಷಿಂಗ್‌ನಲ್ಲಿ ಗೋಮೋಂ ಕಂಪನಿ ಕಟ್ಟಿದ್ದ ಸ್ಟುಡಿಯೋ ಬಹಳಷ್ಟು ದಿನ ಕೆಲಸವಿಲ್ಲದೆ ಬಿದ್ದಿರುತ್ತಿತ್ತು. ಎಳೆಯ ಕೂಸಿನ ತಾಯಿಗೆ ಅದನ್ನು ನೋಡಿ ಸುಮ್ಮನಿರಲಾಗಲಿಲ್ಲ. 1910ರಲ್ಲಿ ಆಕೆ ಸೋಲಾಕ್ಸ್ ಎಂಬ ಸ್ವಂತ ಕಂಪನಿ ಸ್ಥಾಪಿಸಿದರು.

ಕಂಪನಿ ಬೇಗನೆ ಬೆಳೆಯಿತು. ಹಾಲಿವುಡ್ ಇನ್ನೂ ಸಿನಿಮಾ ರಾಜಧಾನಿಯಾಗಿರದ ದಿನಗಳವು. ನ್ಯೂಯಾರ್ಕಿನ ಎದುರು ದಡದ ನ್ಯೂಜೆರ್ಸಿ ರಾಜ್ಯದ ಫೋರ್ಟ್ ಲೀ ಎಂಬ ಊರು ಚಿತ್ರೋದ್ಯಮದ ಕೇಂದ್ರವಾಗಿತ್ತು. ಅಲ್ಲಿ 1912ರಲ್ಲಿ ಒಂದು ಲಕ್ಷ ಡಾಲರಿಗೂ ಹೆಚ್ಚು ವೆಚ್ಚದಲ್ಲಿ ಸೋಲಾಕ್ಸ್ ತನ್ನದೇ ಸ್ಟುಡಿಯೋ ಕಟ್ಟಿತು. ಹಗಲಿನ ಬೆಳಕಿಗಾಗಿ ಗಾಜಿನ ಮಾಡು, ಸಂಸ್ಕರಣೆಗೆ ಪ್ರಯೋಗಾಲಯ, ರಂಗಸಜ್ಜಿಕೆಗೆ ಪ್ರತ್ಯೇಕ ಕೋಣೆಗಳು ಅಲ್ಲಿದ್ದವು. ನಟರು ಸಹಜವಾಗಿರಬೇಕೆಂದು ಸೂಚಿಸುವ ದೊಡ್ಡ ಫಲಕವನ್ನು ಆಕೆ ಸ್ಟುಡಿಯೋದಲ್ಲಿ ತೂಗುಹಾಕಿಸಿದ್ದರು. ಕೈ ಬೀಸಿ, ಕಣ್ಣರಳಿಸಿ ನಟಿಸುವ ರಂಗಭೂಮಿಯ ಪದ್ಧತಿಯೇ ಸಿನಿಮಾದಲ್ಲೂ ನಡೆಯುತ್ತಿದ್ದ ಕಾಲದಲ್ಲಿ ಈ ಸೂಚನೆಗೆ ಬೆಲೆಯಿತ್ತು. ಆ ವರ್ಷವೇ ಮಗ ರೆಜಿನಾಲ್ಡ್ ಹುಟ್ಟಿದ.

ಈ ಅವಧಿಯ ಚಿತ್ರಗಳಲ್ಲಿ ಆಕೆಯ ದೃಷ್ಟಿಯ ವಿಶಿಷ್ಟತೆ ಕಾಣುತ್ತದೆ. 1912ರ ‘ಉದುರುವ ಎಲೆಗಳು’ ಚಿತ್ರದಲ್ಲಿ ಕೊನೆಯ ಎಲೆ ಉದುರುವ ಹೊತ್ತಿಗೆ ಅಕ್ಕ ಬದುಕಿರುವುದಿಲ್ಲವೆಂದು ವೈದ್ಯರು ಹೇಳಿದ್ದನ್ನು ಪುಟ್ಟ ತಂಗಿ ಕೇಳಿಸಿಕೊಳ್ಳುತ್ತಾಳೆ. ರಾತ್ರಿ ತೋಟಕ್ಕಿಳಿದು ಉದುರಿದ ಎಲೆಗಳನ್ನು ದಾರದಿಂದ ಮತ್ತೆ ಕೊಂಬೆಗೆ ಕಟ್ಟತೊಡಗುತ್ತಾಳೆ. 1913ರ ‘ಒಡೆದ ಮನೆ’ಯಲ್ಲಿ ಮನಸ್ತಾಪಗೊಂಡ ದಂಪತಿ ಒಂದೇ ಸೂರಿನಡಿ ಮಾತಿಲ್ಲದೆ, ಚೀಟಿಗಳ ಮೂಲಕ ಸಂಸಾರ ನಡೆಸುತ್ತಾರೆ. 1912ರ ‘ಮೂರ್ಖ ಮತ್ತು ಅವನ ಹಣ’ ಇನ್ನೊಂದು ಕಾರಣಕ್ಕೆ ನೆನಪಿನಲ್ಲಿದೆ. ಕಪ್ಪು ಜನರ ಪಾತ್ರಗಳನ್ನು ಮುಖಕ್ಕೆ ಮಸಿ ಬಳಿದ ಬಿಳಿಯರೇ ಮಾಡುವುದು ರೂಢಿಯಾಗಿದ್ದಾಗ ಆಫ್ರಿಕನ್ ಅಮೆರಿಕನ್ ನಟರೇ ತುಂಬಿದ್ದ ಚಿತ್ರವದು. ಆ ಬಗೆಯ ಮೊದಮೊದಲ ಕಥಾಚಿತ್ರಗಳಲ್ಲಿ ಒಂದೆಂದು ಅದನ್ನು ಪರಿಗಣಿಸಲಾಗುತ್ತದೆ. ಆದರೂ ಅದರ ಹಾಸ್ಯ ಆ ಕಾಲದ ಜನಾಂಗೀಯ ಪೂರ್ವಗ್ರಹಗಳಿಂದ ಪೂರ್ತಿ ಮುಕ್ತವಲ್ಲ.

ಬಾಗಿಲ ಹೊರಗಿನ ಒಡತಿ

ಅಮೆರಿಕದ ಚಿತ್ರೋದ್ಯಮ ಪತ್ರಿಕೆಗಳು ಮದಾಂ ಬ್ಲಾಶೆ ಬಗ್ಗೆ ಮೆಚ್ಚುಗೆಯಿಂದಲೇ ಬರೆದವು. ಆದರೆ ಆ ಮೆಚ್ಚುಗೆಗೆ ಒಂದು ಬಣ್ಣವಿತ್ತು. ಹೆಂಗಸೊಬ್ಬಳು ಇಷ್ಟು ದೊಡ್ಡ ಸ್ಟುಡಿಯೋ ನಡೆಸುತ್ತಾಳಲ್ಲ ಎಂಬ ಬೆರಗು ಮುಂದೆ ನಿಂತು, ಚಿತ್ರದ ಗುಣದೋಷಗಳ ಮಾತು ಹಿಂದಾಗುತ್ತಿತ್ತು. ಉದ್ಯಮದ ಒಳಗಿನ ಸ್ಥಿತಿ ಇನ್ನೂ ಬೇರೆ. ಚಿತ್ರ ಹಂಚಿಕೆಯ ವ್ಯವಹಾರ ತೀರ್ಮಾನವಾಗುತ್ತಿದ್ದ ಸಭೆಗಳಿಗೆ ಕಂಪನಿಯ ಒಡತಿಯೇ ಹೋಗುತ್ತಿರಲಿಲ್ಲ. ಆಕೆ ಬಂದರೆ ಸಿಗಾರು ಸೇದುತ್ತಾ, ಉಗುಳುತ್ತಾ ಆರಾಮವಾಗಿ ಮಾತಾಡಲು ಗಂಡಸರಿಗೆ ಮುಜುಗರವಾಗುವುದೆಂದು ಪತಿ ಹೇಳಿದ್ದನ್ನು ಆತ್ಮಕಥೆ ದಾಖಲಿಸಿದೆ. ಚಿತ್ರ ತೆಗೆಯುವಾಗ ಆಕೆಯ ಮಾತೇ ಅಂತಿಮ. ಹಣದ ಮಾತುಕತೆಯಲ್ಲಿ ಆಕೆಗೆ ಕುರ್ಚಿಯಿರಲಿಲ್ಲ.

1914ರ ಜುಲೈನಲ್ಲಿ ‘ಮೂವಿಂಗ್ ಪಿಕ್ಚರ್ ವರ್ಲ್ಡ್’ ಪತ್ರಿಕೆಯಲ್ಲಿ ಚಿತ್ರನಿರ್ಮಾಣದಲ್ಲಿ ಮಹಿಳೆಯ ಸ್ಥಾನವನ್ನು ಕುರಿತು ಆಲಿಸ್ ಲೇಖನವೊಂದನ್ನು ಪ್ರಕಟಿಸಿದರು. ಸಿನಿಮಾಕ್ಕೆ ಸಂಬಂಧಿಸಿದ ಯಾವ ಕೆಲಸವನ್ನೂ ಗಂಡಸಿನಷ್ಟೇ ಸುಲಭವಾಗಿ ಹೆಂಗಸು ಮಾಡಬಲ್ಲಳು, ಅದರ ತಾಂತ್ರಿಕತೆಯನ್ನು ಕರಗತ ಮಾಡಿಕೊಳ್ಳಲು ಯಾವ ಅಡ್ಡಿಯೂ ಇಲ್ಲ ಎಂಬುದು ಆಕೆಯ ವಾದ. ಭಾವನೆಗಳನ್ನು ಬಲ್ಲವಳೆಂದು ಹೆಣ್ಣನ್ನು ಒಪ್ಪುವ ಸಮಾಜ ಭಾವನೆಗಳ ಕಲೆಯಾದ ಸಿನಿಮಾದಲ್ಲಿ ಆಕೆಯನ್ನು ದೂರವಿಡುವುದೇಕೆಂದು ಆಕೆ ಅಚ್ಚರಿಪಟ್ಟರು. ಹೆಣ್ಣಿಗೆ ಭಾವನೆ, ಗಂಡಿಗೆ ಬುದ್ಧಿ ಎಂಬ ಹಳೆಯ ವಿಭಜನೆಯನ್ನು ಈ ವಾದ ಪ್ರಶ್ನಿಸಲಿಲ್ಲ, ಬಳಸಿಕೊಂಡಿತು. ಆದರೂ ಸುಮಾರು ಹದಿನೆಂಟು ವರ್ಷ ಚಿತ್ರ ಮಾಡಿದ ಅನುಭವದ ಬಲ ಅದರ ಹಿಂದಿತ್ತು.

ಆ ಹೊತ್ತಿಗಾಗಲೇ ನೆಲ ಕುಸಿಯತೊಡಗಿತ್ತು. ಕಿರುಚಿತ್ರಗಳ ಕಾಲ ಮುಗಿದು ದೀರ್ಘ ಚಿತ್ರಗಳ ಯುಗ ಬಂದಿತ್ತು. ಅದಕ್ಕೆ ಬೇಕಾದ ಬಂಡವಾಳ ಸಣ್ಣ ಕಂಪನಿಗಳ ಬಳಿ ಇರಲಿಲ್ಲ. 1913ರಲ್ಲಿ ಆಡಳಿತವನ್ನು ಪತಿಗೆ ಒಪ್ಪಿಸಿ ಆಲಿಸ್ ನಿರ್ದೇಶನದ ಕಡೆ ಗಮನ ಕೊಟ್ಟರು. ಪತಿ ತಮ್ಮ ಹೆಸರಿನಲ್ಲೇ ಹೊಸ ಕಂಪನಿ ತೆರೆದರು, ಸೋಲಾಕ್ಸ್ ಮರೆಯಾಯಿತು. ಒಡತಿಯಾಗಿದ್ದವರು ಬೇರೆ ನಿರ್ಮಾಪಕರಿಗೆ ಸಂಬಳದ ಮೇಲೆ ಚಿತ್ರ ಮಾಡಿಕೊಡತೊಡಗಿದರು. ಉದ್ಯಮ ಕ್ಯಾಲಿಫೋರ್ನಿಯಾಕ್ಕೆ ಸ್ಥಳಾಂತರಗೊಂಡಂತೆ ಫೋರ್ಟ್ ಲೀ ಬಡವಾಯಿತು. 1918ರಲ್ಲಿ ಪತಿ ಸಂಸಾರವನ್ನು ಬಿಟ್ಟು ಹಾಲಿವುಡ್ ಸೇರಿದರು. ತಮ್ಮ ಕೊನೆಯ ಚಿತ್ರದ ಕೆಲಸದ ನಡುವೆ ಆಲಿಸ್ ಆಗಿನ ಮಾರಕ ಇನ್‌ಫ್ಲುಯೆಂಜಾಕ್ಕೆ ಸಿಕ್ಕು ಸಾವಿನ ಅಂಚಿಗೆ ಹೋಗಿ ಬಂದರು. ಆ ಚಿತ್ರ 1920ರಲ್ಲಿ ಬಿಡುಗಡೆಯಾಯಿತು. ಸಾಲಕ್ಕಾಗಿ ಸ್ಟುಡಿಯೋ ಹರಾಜಾಯಿತು. 1922ರಲ್ಲಿ ವಿಚ್ಛೇದನ ಪಡೆದು, ಇಬ್ಬರು ಮಕ್ಕಳೊಡನೆ ಆಕೆ ಫ್ರಾನ್ಸಿಗೆ ಹಿಂತಿರುಗಿದರು. ಆಗ ಆಕೆಗೆ 49 ವರ್ಷ. ಮುಂದೆ ಒಂದು ಚಿತ್ರವನ್ನೂ ಮಾಡುವ ಅವಕಾಶ ಸಿಗಲಿಲ್ಲ.

ಹೆಸರು ಜಾರಿದ ಬಗೆ

ಫ್ರಾನ್ಸಿನಲ್ಲಿ ಆಕೆ ಕೆಲಸಕ್ಕಾಗಿ ಸ್ಟುಡಿಯೋಗಳ ಬಾಗಿಲು ತಟ್ಟಿದರು. ಹದಿನೈದು ವರ್ಷ ದೇಶದಿಂದ ಹೊರಗಿದ್ದವರನ್ನು ಹೊಸ ತಲೆಮಾರು ಗುರುತಿಸಲಿಲ್ಲ. ತಾನು ಯಾರೆಂದು ತೋರಿಸಲು ಕೈಯಲ್ಲಿ ಒಂದು ಚಿತ್ರದ ಪ್ರತಿಯೂ ಇರಲಿಲ್ಲ. 1927ರಲ್ಲಿ ಅಮೆರಿಕಕ್ಕೆ ಹೋಗಿ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದಂತೆ ಹಲವೆಡೆ ಹುಡುಕಿದರು. ಏನೂ ಸಿಗಲಿಲ್ಲ. ಕೊನೆಗೆ ಮಕ್ಕಳ ಕಥೆಗಳನ್ನು, ಪತ್ರಿಕೆಗಳಿಗೆ ಲೇಖನಗಳನ್ನು ಬರೆದು ಜೀವನ ಸಾಗಿಸಿದರು. ಚರಿತ್ರೆಯಲ್ಲಿ ಹೆಸರಿಲ್ಲದಿರುವುದೆಂದರೆ ಬರಿಯ ಗೌರವದ ನಷ್ಟವಲ್ಲ, ಅನ್ನದ ನಷ್ಟವೂ ಹೌದೆಂಬುದಕ್ಕೆ ಆಕೆಯ ಈ ವರ್ಷಗಳೇ ಸಾಕ್ಷಿ.

ಆಕೆಯ ಹೆಸರನ್ನು ಅಳಿಸಲು ಯಾರೂ ಸಂಚು ಹೂಡಿರಲಿಲ್ಲ. ಅದು ಸಣ್ಣ ಸಣ್ಣ ಬರವಣಿಗೆಗಳಲ್ಲಿ, ಯಾರಿಗೂ ತಪ್ಪೆನಿಸದಂತೆ ನಡೆದುಹೋಯಿತು. ಆರಂಭದ ಚಿತ್ರಗಳಲ್ಲಿ ನಿರ್ದೇಶಕರ ಹೆಸರು ಹಾಕುವ ಪದ್ಧತಿಯಿರಲಿಲ್ಲ. ಕಂಪನಿಯ ಮುದ್ರೆಯಷ್ಟೇ ಇರುತ್ತಿತ್ತು. 1930ರಲ್ಲಿ ಲಿಯಾನ್ ಗೋಮೋಂ ತಮ್ಮ ಸಂಸ್ಥೆಯ ಚರಿತ್ರೆಯನ್ನು ಹೊರತಂದಾಗ ಅದರಲ್ಲಿ 1907ಕ್ಕೆ ಮುಂಚಿನ ಚಿತ್ರನಿರ್ಮಾಣದ ಪ್ರಸ್ತಾಪವೇ ಇರಲಿಲ್ಲ. ಅಂದರೆ ಆಲಿಸ್ ದುಡಿದ ಅವಧಿಯೇ ಬಿಟ್ಟುಹೋಗಿತ್ತು. ಆಕೆ ಪತ್ರ ಬರೆದು ಆಕ್ಷೇಪಿಸಿದರು. ತಿದ್ದುವುದಾಗಿ ಗೋಮೋಂ ಒಪ್ಪಿದರು. ತಿದ್ದಿದ ಆವೃತ್ತಿ ಅಚ್ಚಾಗುವ ಮುನ್ನವೇ, 1946ರಲ್ಲಿ, ಅವರು ನಿಧನರಾದರು.

ಬಳಿಕ ಬಂದ ಚರಿತ್ರಕಾರರು ಇಂಥ ದಾಖಲೆಗಳನ್ನೇ ನಂಬಿದರು. ಹೆಸರಿಲ್ಲದ ಚಿತ್ರಕ್ಕೆ ಹೆಸರು ಹುಡುಕುವಾಗ ಅವರ ಕಣ್ಣು ಸಹಜವೆಂಬಂತೆ ಗಂಡಸರ ಮೇಲೆ ಬಿತ್ತು. ಫ್ರಾನ್ಸಿನ ಖ್ಯಾತ ಸಿನಿಮಾ ಚರಿತ್ರಕಾರ ಜಾರ್ಜ್ ಸದೂಲ್ ‘ಕ್ರಿಸ್ತನ ಜೀವನ’ವನ್ನು ಜಾಸೆಯವರ ಕೃತಿಯೆಂದು ಬರೆದರು. ಸಹಾಯಕ ನಿರ್ದೇಶಕನಾದ, ನಿರ್ದೇಶಕಿ ಇಲ್ಲವಾದರು. ಗೋಮೋಂ ಸಂಸ್ಥೆಯ ಇತರ ಚಿತ್ರಗಳಿಗೂ ಹೀಗೆಯೇ ಬೇರೆಯವರ ಹೆಸರು ಅಂಟಿಕೊಂಡಿತು. ಅಮೆರಿಕದಲ್ಲಿ ಸೋಲಾಕ್ಸ್ ಶ್ರೇಯ ಹರ್ಬರ್ಟ್ ಬ್ಲಾಶೆಗೆ ಹೋಯಿತು. ಒಬ್ಬ ಲೇಖಕ ಮಾಡಿದ ತಪ್ಪನ್ನು ಇನ್ನೊಬ್ಬ ಆಧಾರವಾಗಿ ಉಲ್ಲೇಖಿಸಿದಾಗ ಅದು ಸತ್ಯದ ರೂಪ ತಾಳಿತು.

ಮರೆವು ಆ ಕಾಲದ ಗಂಡಸರನ್ನೂ ಬಿಟ್ಟಿಲ್ಲವೆಂಬ ಮಾತಿದೆ. ಅದು ನಿಜ. ಚಂದ್ರಯಾನದ ಚಿತ್ರದಿಂದ ಖ್ಯಾತರಾದ ಜಾರ್ಜ್ ಮೆಲಿಯೆಸ್ ದಿವಾಳಿಯಾಗಿ ಪ್ಯಾರಿಸ್ಸಿನ ರೈಲುನಿಲ್ದಾಣದಲ್ಲಿ ಆಟಿಕೆ ಮಾರುತ್ತಿದ್ದರು. ಆದರೆ 1920ರ ದಶಕದ ಕೊನೆಯಲ್ಲಿ ಪತ್ರಕರ್ತರು, ಸಿನಿಮಾಪ್ರಿಯರು ಅವರನ್ನು ಹುಡುಕಿ ತೆಗೆದರು. 1929ರಲ್ಲಿ ಅವರ ಚಿತ್ರಗಳ ಅದ್ದೂರಿ ಪ್ರದರ್ಶನ ನಡೆಯಿತು. 1931ರಲ್ಲಿ ಸರ್ಕಾರದ ಲೆಜಿಯಾನ್ ಆಫ್ ಆನರ್ ಗೌರವ ಬಂತು, ಮರುವರ್ಷ ಚಿತ್ರರಂಗದ ವಿಶ್ರಾಂತಿಗೃಹದಲ್ಲಿ ಮನೆ ದೊರೆಯಿತು. ಅದೇ ವರ್ಷಗಳಲ್ಲಿ ಅದೇ ದೇಶದಲ್ಲಿ, ಅವರಷ್ಟೇ ಹಿರಿಯರಾದ ಆಲಿಸ್ ಮಕ್ಕಳ ಕಥೆ ಬರೆಯುತ್ತಿದ್ದರು. ಆಕೆಯನ್ನು ಹುಡುಕಿಕೊಂಡು ಯಾರೂ ಬರಲಿಲ್ಲ.

ನೆನಪೇ ಆಧಾರ

ಚಿತ್ರಗಳು ಸಿಗದಿದ್ದಾಗ ಆಲಿಸ್ ಬರವಣಿಗೆಗೆ ಮೊರೆಹೋದರು. ಅಮೆರಿಕದ ವಿದೇಶಾಂಗ ಸೇವೆಯಲ್ಲಿದ್ದ ಮಗಳು ಸಿಮೋನ್ ಜೊತೆ ಊರಿಂದೂರಿಗೆ ಹೋಗುತ್ತಲೇ ತಮ್ಮ ಚಿತ್ರಗಳ ಪಟ್ಟಿಯನ್ನು ನೆನಪಿನಿಂದ ಬರೆದಿಟ್ಟರು. ಹಳೆಯ ಸಹೋದ್ಯೋಗಿಗಳೊಡನೆ ಪತ್ರವ್ಯವಹಾರ ನಡೆಸಿದರು. ಚರಿತ್ರಕಾರರ ತಪ್ಪುಗಳನ್ನು ಒಂದೊಂದಾಗಿ ಗುರುತಿಸಿ ಅವರಿಗೇ ಬರೆದು ತಿಳಿಸಿದರು. ಆತ್ಮಕಥೆಯನ್ನೂ ಬರೆದು ಮುಗಿಸಿದರು. ಆಕೆ ಬದುಕಿರುವವರೆಗೂ ಅದನ್ನು ಯಾವ ಪ್ರಕಾಶಕರೂ ಪ್ರಕಟಿಸಲಿಲ್ಲ.

ಮನ್ನಣೆ ತಡವಾಗಿ, ತುಣುಕು ತುಣುಕಾಗಿ ಬಂತು. 1954ರಲ್ಲಿ ಲಿಯಾನ್ ಗೋಮೋಂ ಅವರ ಮಗ ಲೂಯಿ ಗೋಮೋಂ ಪ್ಯಾರಿಸ್ಸಿನಲ್ಲಿ ಭಾಷಣ ಮಾಡಿ, ಆಕೆಯನ್ನು ಮರೆತದ್ದು ಅನ್ಯಾಯವೆಂದು ಬಹಿರಂಗವಾಗಿ ಹೇಳಿದರು. ತಂದೆಯ ಪುಸ್ತಕದ ಲೋಪವನ್ನು ಮಗ ಒಪ್ಪಿಕೊಂಡ ಗಳಿಗೆಯದು. ಅದೇ ದಶಕದಲ್ಲಿ ಲೆಜಿಯಾನ್ ಆಫ್ ಆನರ್ ದೊರೆಯಿತು. 1957ರಲ್ಲಿ ಫ್ರಾನ್ಸಿನ ಸಿನಿಮಾ ಸಂಗ್ರಹಾಲಯವಾದ ಸಿನೆಮಾತೆಕ್ ಆಕೆಯನ್ನು ಸನ್ಮಾನಿಸಿತು. ಪತ್ರಿಕೆಗಳು ಗಮನ ಕೊಡಲಿಲ್ಲ. 1960ರ ದಶಕದಲ್ಲಿ ವಿಕ್ಟರ್ ಬಾಶಿ, ಫ್ರಾನ್ಸಿಸ್ ಲಕಾಸಿನ್ ಮುಂತಾದ ವಿದ್ವಾಂಸರು ಆಕೆಯನ್ನು ಭೇಟಿಯಾಗಿ ವಿವರಗಳನ್ನು ಸಂಗ್ರಹಿಸಿದರು. 1964ರಲ್ಲಿ ಮಗಳೊಡನೆ ಅಮೆರಿಕಕ್ಕೆ ಹೋದ ಆಲಿಸ್ 1968ರ ಮಾರ್ಚ್ 24ರಂದು ನ್ಯೂಜೆರ್ಸಿಯಲ್ಲಿ, ತಮ್ಮ 94ನೆಯ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಒಂದು ಕಾಲಕ್ಕೆ ಸ್ವಂತ ಸ್ಟುಡಿಯೋ ಕಟ್ಟಿ ಆಳಿದ ರಾಜ್ಯವದು.

ಆತ್ಮಕಥೆ ಬೆಳಕು ಕಂಡದ್ದು 1976ರಲ್ಲಿ, ಮರಣದ ಎಂಟು ವರ್ಷಗಳ ಬಳಿಕ. ಮಗಳು ಮತ್ತು ಸೊಸೆ ಮಾಡಿದ ಇಂಗ್ಲಿಷ್ ಅನುವಾದ 1986ರಲ್ಲಿ ಬಂತು. ಸ್ತ್ರೀವಾದಿ ಚಿಂತನೆ ಸಿನಿಮಾ ಅಧ್ಯಯನವನ್ನು ಪ್ರವೇಶಿಸಿದ ಕಾಲವದು. ಸಂಶೋಧಕರು ಆಕೆಯ ಪಟ್ಟಿಯನ್ನು ಹಿಡಿದು ಸಂಗ್ರಹಾಲಯಗಳಲ್ಲಿ ಹುಡುಕಿದಾಗ ಬೇರೆ ಹೆಸರಿನ, ಇಲ್ಲವೇ ಹೆಸರೇ ಇಲ್ಲದ ಡಬ್ಬಿಗಳಿಂದ ಚಿತ್ರಗಳು ಒಂದೊಂದಾಗಿ ಹೊರಬಂದವು. ಆಕೆ ನಿರ್ದೇಶಿಸಿದ, ನಿರ್ಮಿಸಿದ ಅಥವಾ ಮೇಲ್ವಿಚಾರಣೆ ವಹಿಸಿದ ಚಿತ್ರಗಳು ಸುಮಾರು ಸಾವಿರ ಎಂಬುದು ಈಗಿನ ಅಂದಾಜು. ಅವುಗಳಲ್ಲಿ ಹೆಚ್ಚಿನವು ಕೆಲವೇ ನಿಮಿಷಗಳವು. ಉಳಿದಿರುವುದು ಸುಮಾರು 150. ಅಲಿಸನ್ ಮೆಕ್‌ಮಹಾನ್ 2002ರಲ್ಲಿ ಆಕೆಯ ಕೃತಿಗಳ ಸಮಗ್ರ ಅಧ್ಯಯನ ಪ್ರಕಟಿಸಿದರು. ಪಮೇಲಾ ಗ್ರೀನ್ ಅವರ ಸಾಕ್ಷ್ಯಚಿತ್ರ 2018ರಲ್ಲಿ ಹೊರಬಂತು. 2019ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಹಿಂದೆ ಕಡೆಗಣಿಸಲ್ಪಟ್ಟ ಗಣ್ಯರಿಗಾಗಿ ಆರಂಭಿಸಿದ್ದ ಮಾಲಿಕೆಯಲ್ಲಿ ಆಕೆಯ ನಿಧನವಾರ್ತೆಯನ್ನು ಪ್ರಕಟಿಸಿತು, ಐವತ್ತೊಂದು ವರ್ಷ ತಡವಾಗಿ. 2024ರ ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯಂದು ಸೇನ್ ನದಿಯ ದಡದಲ್ಲಿ ಮೇಲೆದ್ದ ಹತ್ತು ಮಹಿಳೆಯರ ಚಿನ್ನದ ಬಣ್ಣದ ಪ್ರತಿಮೆಗಳಲ್ಲಿ ಒಂದು ಆಲಿಸ್ ಗೀ ಅವರದಾಗಿತ್ತು.

ಮರೆವಿನ ಬೆಲೆ

ಅಮೆರಿಕದ ಮೂಕಚಿತ್ರಗಳ ಯುಗದಲ್ಲಿ ಲೋಯಿಸ್ ವೆಬರ್ ಸೇರಿದಂತೆ ಹಲವು ಮಹಿಳೆಯರು ನಿರ್ದೇಶಕಿಯರಾಗಿದ್ದರು. ಸಿನಿಮಾ ದೊಡ್ಡ ಬಂಡವಾಳದ ವ್ಯವಹಾರವಾದಂತೆ ಅವರು ಹಿಂದೆ ಸರಿಯಬೇಕಾಯಿತು. 1930ರ ದಶಕದ ಹಾಲಿವುಡ್‌ನ ದೊಡ್ಡ ಸ್ಟುಡಿಯೋಗಳಲ್ಲಿ ಡೊರೊತಿ ಆರ್ಜ್ನರ್ ಬಹುತೇಕ ಒಂಟಿಯಾಗಿದ್ದರು. ಉತ್ತಮ ನಿರ್ದೇಶನದ ಆಸ್ಕರ್ ಪ್ರಶಸ್ತಿಯನ್ನು ಮಹಿಳೆಯೊಬ್ಬರು ಮೊದಲ ಬಾರಿಗೆ ಪಡೆದದ್ದು 2010ರಲ್ಲಿ, ಕ್ಯಾಥರಿನ್ ಬಿಗೆಲೋ. ಸಿನಿಮಾ ಹುಟ್ಟಿ ನೂರು ವರ್ಷ ದಾಟಿದ ಮೇಲೆ ಬಂದ ಹೆಣ್ಣುಮಕ್ಕಳನ್ನು ಹೊಸಬರೆಂದೂ ಅಪವಾದವೆಂದೂ ಕಂಡದ್ದು ಮೊದಲಿನವರ ಹೆಸರುಗಳು ಪುಸ್ತಕದಲ್ಲಿ ಇಲ್ಲದ್ದರಿಂದ. ನಿರ್ದೇಶನ ಗಂಡಸಿನ ಕೆಲ್ಸವೆಂಬ ನಂಬಿಕೆಗೆ ಚರಿತ್ರೆಯ ಆಧಾರವಿಲ್ಲ. ಚರಿತ್ರೆಯನ್ನು ಬರೆದ ರೀತಿಯಲ್ಲಷ್ಟೇ ಅದಕ್ಕೆ ಆಧಾರವಿತ್ತು.

ನ್ಯೂಜೆರ್ಸಿಯ ಮಾವಾ ಎಂಬ ಊರಿನ ಸ್ಮಶಾನದಲ್ಲಿ ಆಲಿಸ್ ಗೀ ಬ್ಲಾಶೆಯವರ ಸಮಾಧಿಯಿದೆ. ಆಕೆ ಸಿನಿಮಾ ಮಾಡಿದವರೆಂದು ತಿಳಿಸುವ ಹೊಸ ಕಲ್ಲನ್ನು, ಸೋಲಾಕ್ಸ್ ಕಂಪನಿಯ ಲಾಂಛನದ ಸಮೇತ, 2012ರಲ್ಲಿ ಫೋರ್ಟ್ ಲೀ ಊರಿನ ಸಿನಿಮಾಪ್ರೇಮಿಗಳು ಅಲ್ಲಿ ನಿಲ್ಲಿಸಿದರು. ತಾನು ಮಾಡಿದ ಕೆಲಸ ತನ್ನದೆಂದು ದಾಖಲಾಗಬೇಕೆಂದು ನಾಲ್ಕು ದಶಕ ಪತ್ರ ಬರೆದವರಿಗೆ, ಮರಣದ ನಲವತ್ತನಾಲ್ಕು ವರ್ಷಗಳ ಬಳಿಕ, ಆ ಸಾಲು ಕಲ್ಲಿನಲ್ಲಿ ದಕ್ಕಿತು.